ಕರಿ ಕಾರಿಗೆ ಬಿಟ್ಟ ಎಣ್ಣೆ

ಗ್ಯಾರೇಜಿನ ಶಟರ್ ಎಳೆದು ಬೀಗದ ಕೈ ಮಗನಿಗೆ ಕೊಟ್ಟ ಮೇಲೂ ನನ್ನ ಬಲಗಾಲಿಗೆ ನಿವೃತ್ತಿ ಸಿಕ್ಕಿಲ್ಲ. ಬಸ್ಸಿನಲ್ಲಿ ಕುಳಿತಿರಲಿ, ಯಾರದೋ ಮದುವೆಯ ಪಂಕ್ತಿಯಲ್ಲಿ ಉಣ್ಣುತ್ತಿರಲಿ, ಒಮ್ಮೊಮ್ಮೆ ಅದು ತಾನಾಗಿಯೇ ನೆಲ ಒತ್ತುತ್ತದೆ. ನೆಲ ಗಟ್ಟಿಯಾಗಿ ತಾಗಿದರೆ ಜೀವಕ್ಕೆ ಸಮಾಧಾನ. ಹೇಮಗುಡ್ಡದಿಂದ ಇಳಿಯುವಾಗ ಒಂದು ಸಲ ಒತ್ತಿದ್ದು ಗಟ್ಟಿಯಾಗಿ ತಾಗಲಿಲ್ಲ, ಕಾಲು ಕೆಳಗೆ ಹೋಗುತ್ತಲೇ ಇತ್ತು. ಆ ಬೆಚ್ಚು ಇನ್ನೂ ಮೈಯಲ್ಲಿದೆ.

ಈ ಕಸುಬಿಗೆ ಹೊಸದಾಗಿ ಬರುವ ಹುಡುಗರು ನನ್ನನ್ನು ಕೇಳುವುದು ಎರಡೇ ಮಾತು: ಎಷ್ಟು ಗಾಡಿ ಕಟ್ಟಿದಿರಿ, ಎಷ್ಟು ಗಳಿಸಿದಿರಿ. ಮೊದಲನೆಯದು ನೆನಪಿಲ್ಲ, ಎರಡನೆಯದನ್ನು ಹೆಂಡತಿಗೇ ಹೇಳಿಲ್ಲ. ಅವೆರಡರ ಬದಲಿಗೆ ಒಂದು ಕರಿ ಕಾರಿನ ಕಥೆ ಹೇಳುತ್ತೇನೆ. ಪುಕ್ಕಟೆ ಸಲಹೆ ಕೊಡುವವನಲ್ಲ ನಾನು, ಇದನ್ನು ಮಾತ್ರ ಪುಕ್ಕಟೆ ಕೊಡುತ್ತಿದ್ದೇನೆ.

ಅದಕ್ಕೂ ಮೊದಲು ನನ್ನ ಉಸ್ತಾದರ ಬಗ್ಗೆ ಹೇಳಬೇಕು. ಯಲಬುರ್ಗಾ ಕಡೆಯ ಹಳ್ಳಿಯಿಂದ ಗಂಗಾವತಿಗೆ ಬಂದ ನನ್ನ ಕೈಗೆ ಪಾನಾ ಕೊಟ್ಟು ಬೋಲ್ಟು ತಿರುಗಿಸುವುದನ್ನು ಕಲಿಸಿದವರು ಮೆಹಬೂಬಸಾಬರು. ಬೈಯುವುದಕ್ಕೆ ದಖನಿ, ಕಲಿಸುವುದಕ್ಕೆ ಕನ್ನಡ, ಇದು ಅವರ ಪದ್ಧತಿ. ಗ್ಯಾಸ್ಕೆಟ್ ಸಿಗದ ಕಾಲದಲ್ಲಿ ದಪ್ಪ ಲಗ್ನಪತ್ರಿಕೆ ಕತ್ತರಿಸಿ ಗ್ಯಾಸ್ಕೆಟ್ ಮಾಡುತ್ತಿದ್ದರು. ಲಗ್ನದ ಸೀಸನ್ ಬಂತೆಂದರೆ ನಮಗೆ ಗ್ಯಾಸ್ಕೆಟ್ಟಿನ ಸುಗ್ಗಿ. ಬ್ರೇಕಿನ ಪೈಪಿನೊಳಗೆ ಹೊಕ್ಕ ಗಾಳಿ ತೆಗೆಯುವ ಕೆಲಸಕ್ಕಂತೂ ಅವರ ಶಿಸ್ತೇ ಬೇರೆ. ಒಬ್ಬ ಮೇಲೆ ಕುಳಿತು ಪೆಡಲ್ ಒತ್ತಿ ಒತ್ತಿ ಕೊನೆಗೆ ಒತ್ತಿ ಹಿಡಿಯಬೇಕು. ಹಿಡಿದವನು ‘ಪಕ್ಡಾ’, ಅಂದರೆ ಹಿಡಿದೆ, ಅನ್ನಬೇಕು. ಕೆಳಗೆ ಮಲಗಿದವನು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿದು ‘ಛೋಡ್’, ಅಂದರೆ ಬಿಡು, ಅನ್ನಬೇಕು. ಈ ಎರಡು ಮಾತು ಬಿಟ್ಟು ಮೂರನೆಯ ಮಾತಾಡಿದರೆ ಪಾನಾ ಹಾರಿ ಬರುತ್ತಿತ್ತು. ಬೇರೆ ಗ್ಯಾರೇಜಿನಲ್ಲಿ ಈ ಮಾತು ನಾನು ಕೇಳಿಲ್ಲ.

ಉಸ್ತಾದರಲ್ಲಿ ಒಂದೇ ಒಂದು ಕೆಟ್ಟ ಗುಣ. ಕೇಳಿದ್ದನ್ನು ಹೇಳುತ್ತಿದ್ದರು, ಕೇಳದಿದ್ದುದನ್ನು ಸತ್ತರೂ ಹೇಳುತ್ತಿರಲಿಲ್ಲ. ನಾನು ಒಮ್ಮೆ ಮುನಿಸಿಕೊಂಡಾಗ, ‘ಕೇಳದವಗ ಹೇಳಿದ್ರ ಕಿವ್ಯಾಗ ನಿಂದ್ರಂಗಿಲ್ಲ ಬೇಟಾ’ ಅಂದಿದ್ದರು. ನನ್ನನ್ನು ಲಾರಿಗಳಿಗೆ ಹಚ್ಚಿ, ಸಾಹುಕಾರರ ಮನೆಯ ಕಾರುಗಳಿಗೆ ತಾವೊಬ್ಬರೇ ಚೀಲ ಹಿಡಿದು ಹೋಗುತ್ತಿದ್ದರು. ಅಲ್ಲಿ ಏನು ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ನಾನೂ ಕೇಳಲಿಲ್ಲ.

ಉಸ್ತಾದರು ತೀರಿಕೊಂಡು ಬಹಳ ಕಾಲವಾದ ಮೇಲೆ, ನಾನು ಇನ್ನೇನು ಈ ಕಸುಬಿನಿಂದ ಕೈ ತೊಳೆದುಕೊಳ್ಳಬೇಕು ಅನ್ನುವ ಹೊತ್ತಿಗೆ, ರೈಸ್‌ಮಿಲ್ಲಿನ ವಿರೂಪಾಕ್ಷಪ್ಪ ಸಾಹುಕಾರರು ಹೇಳಿಕಳಿಸಿದರು. ಮಿಲ್ಲಿನ ಹಿಂದಿನ ಗೋದಾಮಿನಲ್ಲಿ ಅವರ ತಂದೆಯ ಕಾಲದ ವಿಲಾಯತಿ ಕಾರು ನಿಂತಿತ್ತು. ಕರಿ ಬಣ್ಣ, ದುಂಡನೆಯ ಬೆನ್ನು. ಮೂಗಿನ ಮೇಲಿನ ಕಂಪನಿಯ ಬಿಲ್ಲೆ ಯಾವಾಗಲೋ ಕಳೆದುಹೋಗಿತ್ತು. ಸಾಹುಕಾರರ ತಾಯಿ ಗೌರಮ್ಮನವರು ಅಳವಂಡಿಯಿಂದ ಮದುಮಗಳಾಗಿ ಬಂದಿದ್ದು ಅದೇ ಕಾರಿನಲ್ಲಿ. ಅದರಲ್ಲಿ ಕುಳಿತು ಇನ್ನೊಂದು ಸಲ ಹೇಮಗುಡ್ಡದ ದುರ್ಗಮ್ಮನ ದರ್ಶನ ಮಾಡಬೇಕೆಂಬುದು ಆ ಮುದುಕಿಯ ಹಟ. ಆದರೆ ಹನುಮನಹಳ್ಳಿ ಕಡೆ ರೆಸಾರ್ಟ್ ನಡೆಸುವ ರಾಜು ಎಂಬವರು ಆ ಕಾರಿಗೆ ಗಂಟುಬಿದ್ದಿದ್ದರು. ಗರಿ ಚಪ್ಪರದ ಕೆಳಗೆ ನಿಲ್ಲಿಸಿದರೆ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರಂತೆ. ಓಡುವುದೇನೂ ಬೇಡ, ಚಂದಾಗಿ ನಿಂತಿದ್ದರೆ ಸಾಕು ಅನ್ನುತ್ತಿದ್ದರು.

ಸಾಹುಕಾರರು ತಾಯಿಯ ಎದುರಿಗೇ ನನಗೆ ಕರಾರು ಹಾಕಿದರು. ‘ಮಿಸ್ತ್ರಿ, ಅವ್ವನ್ನ ಹೇಮಗುಡ್ಡಕ್ಕ ಕರಕೊಂಡು ಹೋಗಿ ಬಂತಂದ್ರ ಗಾಡಿ ಮನ್ಯಾಗ ಇರ್ತೈತಿ. ಬರಲಿಲ್ಲಂದ್ರ ಹನುಮನಹಳ್ಳಿಗೆ ಹೋಗ್ತೈತಿ. ಆಮ್ಯಾಲೆ ನೀನೂ ಅಳಬ್ಯಾಡ, ಅವ್ವನೂ ಅಳಬಾರದು.’

ಗೌರಮ್ಮನವರು ಸೆರಗು ಸರಿಮಾಡಿಕೊಂಡು ನನ್ನ ಕೈಗಳನ್ನೇ ನೋಡಿದರು. ‘ಮೆಹಬೂಬಸಾಬನ ಶಿಷ್ಯ ಅಂದ್ರ ನೀನೇನು ಈರಣ್ಣ’ ಎಂದು ಕೇಳಿದರು. ಹೌದ್ರಿ ಅಂದೆ. ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹುಡುಗರೇ, ಬಾನೆಟ್ ತೆಗೆಯುವ ಮೊದಲು ರೇಟು ಹೇಳಬೇಡಿ. ತೆಗೆದ ಮೇಲೆ ಮುಖದಲ್ಲಿ ಏನನ್ನೂ ತೋರಿಸಬೇಡಿ. ಈ ಎರಡನೆಯ ಮಾತು ನನ್ನಿಂದಲೇ ಪಾಲನೆಯಾಗಲಿಲ್ಲ. ವೈರಿಂಗ್ ಒಂದು ತುಂಡೂ ಉಳಿದಿರಲಿಲ್ಲ, ಎಲ್ಲ ಇಲಿಗಳ ಪಾಲಾಗಿತ್ತು. ರೇಡಿಯೇಟರಿನ ಮುಚ್ಚಳ ತಿರುಗಿಸಿದರೆ ಒಳಗಿನಿಂದ ಹುಳಿ ನಾತ ಬಂತು. ಪ್ರತಿವರ್ಷ ಪೂಜೆಯಲ್ಲಿ ಒಡೆದ ಕಾಯಿಯ ನೀರನ್ನು ಭಕ್ತಿಯಿಂದ ಅದರೊಳಗೆ ಸುರಿದಿದ್ದರು. ಕಾಯಿನೀರು ಕುಡಿದ ರೇಡಿಯೇಟರನ್ನು ನಾನು ನೋಡಿದ್ದು ಅದೇ ಮೊದಲು. ತಗಡು ಒಳಗಿನಿಂದ ಹಪ್ಪಳವಾಗಿತ್ತು. ನಾಲ್ಕು ಪಿಸ್ಟನ್ನುಗಳೂ ತಮ್ಮ ತಮ್ಮ ಜಾಗದಲ್ಲಿ ಗಂಟು ಕಟ್ಟಿ ಕುಳಿತಿದ್ದವು.

ಕೊನೆಗೆ ಬ್ರೇಕಿಗೆ ಕೈ ಹಾಕಿದೆ. ಇಷ್ಟು ಕಾಲ ನಿಂತ ಗಾಡಿಯ ಬ್ರೇಕು ಕಲ್ಲಾಗಿರಬೇಕು, ಒಳಗಿನ ರಬ್ಬರಿನ ಬಟ್ಟಲುಗಳು ಒಡೆದು ಪುಡಿಯಾಗಿರಬೇಕು. ಸುತ್ತಿಗೆ ಹಿಡಿದುಕೊಂಡೇ ಬಿಚ್ಚಿದೆ. ಬ್ರೇಕಿನ ಪುಟ್ಟ ಪಿಸ್ಟನ್ನು ಬೆರಳಿಗೇ ಹೊರಗೆ ಬಂತು. ರಬ್ಬರು ಕೂಸಿನ ಗಲ್ಲದ ಹಾಗೆ ಮೆತ್ತಗಿತ್ತು. ನಾನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ. ಮೂಗಿಗೆ ಹಿಡಿದರೆ ಏನೋ ಹಳೆಯ, ಜಿಗುಟಾದ ವಾಸನೆ, ಬಾಣಂತಿಯ ಕೋಣೆಯದು. ಇದು ಹೇಗೆ ಬದುಕಿತು ಎಂದು ಅಚ್ಚರಿಪಟ್ಟೆ. ಅಚ್ಚರಿಪಟ್ಟು, ಹಳೆಯ ರಬ್ಬರೆಲ್ಲ ಗುಜರಿ ಡಬ್ಬಿಗೆ ಹಾಕಿ, ಹೊಸ ರಬ್ಬರಿನ ಕಿಟ್ಟೂ ಲೈನರೂ ತರಿಸಿ ಹಾಕಿದೆ. ಅಚ್ಚರಿಯಾದಾಗ ಕೆಲಸ ನಿಲ್ಲಿಸಿ ಯಾರನ್ನಾದರೂ ಕೇಳಬೇಕು ಅನ್ನುವುದನ್ನು ಆಗ ಯಾರಾದರೂ ನನಗೆ ಹೇಳಿದ್ದರೆ ಅವರಿಗೆ ಊಟ ಹಾಕಿಸುತ್ತಿದ್ದೆ.

ಎಂಜಿನ್ನಿನ ಪಿಸ್ಟನ್ನುಗಳಿಗಾಗಿ ಕುಷ್ಟಗಿಯ ಗುಜರಿಗೆ ಹೋದೆ. ಬೇಕಾದ ಸಾಮಾನಿನ ಕಡೆ ಕಣ್ಣು ಹಾಯಿಸದೆ ಬೇಡದ್ದಕ್ಕೆ ಚೌಕಾಸಿ ಮಾಡುವುದು ನನ್ನ ಹಳೆಯ ವಿದ್ಯೆ. ಲಾರಿಯ ರೇಡಿಯೇಟರಿಗೆ ಅರ್ಧ ದಿನ ಗುದ್ದಾಡಿ, ಬೇಡವೆಂದು ಎದ್ದು, ಹೋಗುತ್ತ ಹೋಗುತ್ತ ಮೂಲೆಯ ಹಳೆಯ ಪಿಸ್ಟನ್ನುಗಳನ್ನು ಕಾಲಲ್ಲಿ ತಳ್ಳಿ, ಇವನ್ನಾದರೂ ಕೊಡಪ್ಪ ಅಂದೆ. ಗುಜರಿಯವನು ಅವನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟ. ‘ಈರಣ್ಣಾರ, ನೀವು ಒಳಗ ಬರೂವಾಗನ ಪಿಸ್ಟನ್ ನೋಡಿದ್ರಿ. ನಿಮಗ ಬ್ಯಾಸರ ಆಗಬಾರದಂತ ರೇಡಿಯೇಟರ್ ಮಾತಾಡಿದೆ.’ ಇಡೀ ದಾರಿ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ನಿಮ್ಮ ವಿದ್ಯೆ ಎದುರಿನವನಿಗೆ ಗೊತ್ತಿಲ್ಲ ಎಂದು ತಿಳಿಯಬೇಡಿ.

ಕೊಪ್ಪಳದ ಲೇಥಿನಲ್ಲಿ ಸಿಲಿಂಡರು ಕೊರೆಸಿ, ಆ ಪಿಸ್ಟನ್ನುಗಳನ್ನು ಕೂರಿಸಿ, ವೈರಿಂಗ್ ಎಳೆದು, ದೀಪಾವಳಿಗೆ ಮುಂಚೆ ಗಾಡಿಗೆ ಜೀವ ಬರಿಸಿದೆ. ಗುಡುಗಲಿಲ್ಲ, ಮಿಲ್ಲಿನ ಬೆಕ್ಕಿನ ಹಾಗೆ ಗುರುಗುಟ್ಟಿತು. ಪಾಡ್ಯದ ದಿನ ಅವರ ಮನೆಯಲ್ಲಿ ಮಿಲ್ಲಿನ ಯಂತ್ರಗಳಿಗೂ ಗಾಡಿಗಳಿಗೂ ಪೂಜೆ. ಹಿರಿಯ ಹೆಂಗಸು ಪ್ರತಿ ಯಂತ್ರದ ಎಣ್ಣೆಬಾಯಿಗೆ ಒಂದೊಂದು ಸಣ್ಣ ಸೌಟು ಎಣ್ಣೆ ಬಿಡುವುದು ಆ ಮನೆತನದ ಪದ್ಧತಿ. ಕಾಯಿನೀರು ರೇಡಿಯೇಟರಿಗೆ ಹಾಕಬಾರದೆಂದು ನಾನು ಮೊದಲೇ ಹೇಳಿದ್ದೆ, ಹಾಕಲಿಲ್ಲ. ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮುಗಿಸಿದರು. ನಾನು ಹೋಳಿಗೆ ಉಂಡು ಮನೆಗೆ ಬಂದೆ.

ಆಮೇಲೆ ಊರೊಳಗೆ ಅಷ್ಟಿಷ್ಟು ಓಡಿಸಿ ನೋಡಿದೆ. ಬ್ರೇಕಿನ ಪೆಡಲ್ ದಿನದಿನಕ್ಕೆ ಗಟ್ಟಿಯಾಗುತ್ತ, ಎತ್ತರಕ್ಕೆ ನಿಲ್ಲುತ್ತ ಬಂತು. ನನಗೆ ಖುಷಿಯಾಯಿತು, ಬ್ರೇಕು ಛಲೋ ಕೂಡುತ್ತಿದೆ ಎಂದುಕೊಂಡೆ. ಕೆಟ್ಟ ಸುದ್ದಿ ಒಳ್ಳೆಯ ಸುದ್ದಿಯ ಅಂಗಿ ಹಾಕಿಕೊಂಡು ಬರುವುದುಂಟು. ತಾನಾಗಿ ಸುಧಾರಿಸುವ ಗಾಡಿಯನ್ನು ನಂಬಬೇಡಿ.

ಹೇಮಗುಡ್ಡಕ್ಕೆ ಹೊರಟ ದಿನ ನಾನೇ ಸ್ಟೇರಿಂಗ್ ಹಿಡಿದೆ. ಪಕ್ಕದಲ್ಲಿ ಸಾಹುಕಾರರು, ಹಿಂದೆ ಹಸಿರು ಸೀರೆಯ ಗೌರಮ್ಮನವರು, ತೊಡೆಯ ಮೇಲೆ ಉಡಿ ತುಂಬುವ ಸಾಮಾನಿನ ಬುಟ್ಟಿ. ಭತ್ತದ ಕೊಯ್ಲು ಶುರುವಾಗಿತ್ತು. ರಸ್ತೆಯ ಅರ್ಧಕ್ಕೆ ಭತ್ತ ಹರವಿ ಒಣಗಿಸುತ್ತಿದ್ದರು, ನಮ್ಮ ಕಡೆ ಅದು ವಾಡಿಕೆ. ಹೋಗುವಾಗ ಗಾಡಿ ಯಾಕೋ ಭಾರವೆನಿಸಿತು. ಹೊಸ ಎಂಜಿನ್ನಲ್ಲವೇ ಎಂದುಕೊಂಡೆ. ದೇವಿಗೆ ಉಡಿ ತುಂಬಿ, ಪ್ರಸಾದ ಉಂಡು, ಮರಳಿ ಹೊರಟೆವು. ಗೌರಮ್ಮನವರು ಅಂಥ ಖುಷಿಯಲ್ಲಿದ್ದರು, ಅಳವಂಡಿಯಿಂದ ಬಂದ ದಿನ ಈ ಕಾರು ಎಲ್ಲೆಲ್ಲಿ ನಿಂತಿತ್ತು, ಯಾರ ಎತ್ತು ಇದನ್ನು ಕಂಡು ಬೆದರಿ ಓಡಿತ್ತು, ಎಲ್ಲವನ್ನೂ ಹೇಳುತ್ತಿದ್ದರು.

ಇಳಿಜಾರು ಶುರುವಾದಾಗ ಸುಟ್ಟ ವಾಸನೆ ಬಂತು. ಬ್ರೇಕಿನ ಹೊಸ ಲೈನರ್ ಕೂಡುವಾಗ ಹಾಗೆ ಬರುತ್ತದೆ. ಸಾಹುಕಾರರು ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದರು, ನಾನು ಜಾಣನ ಹಾಗೆ ನಕ್ಕೆ. ಮುಂದಿನ ತಿರುವಿಗೆ ಬ್ರೇಕು ಒತ್ತಿದೆ. ಆಗಲೇ ಹೇಳಿದೆನಲ್ಲ, ಕಾಲು ಕೆಳಗೆ ಹೋಯಿತು. ಅಷ್ಟು ಹೊತ್ತು ಕಲ್ಲಿನ ಹಾಗಿದ್ದ ಪೆಡಲ್ ಹಸಿ ಕೆಸರಾಗಿ ನೆಲಕ್ಕೆ ಅಂಟಿತು. ಮತ್ತೆ ಒತ್ತಿದೆ. ಏನೂ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ. ಕಾದ ಡ್ರಮ್ಮಿನ ಮೇಲೆ ಅದು ಬೆಣ್ಣೆಯ ಹಾಗೆ ಜಾರಿತು. ಹಿಂದಿನಿಂದ ಗೌರಮ್ಮನವರ ಮಾತು ನಿಂತಿತ್ತು. ಬ್ರೇಕಿಲ್ಲವೆಂದು ಅವರಿಗೆ ಗೊತ್ತಾಗಿತ್ತು.

ಗೇರು ಕೆಳಕ್ಕೆ ಹಾಕಿದೆ. ಎಂಜಿನ್ ಅರಚಿತು, ಗಾಡಿ ಸ್ವಲ್ಪ ಬಿಗಿಹಿಡಿಯಿತು. ಎದುರಿಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ತಗ್ಗು, ನಡುವೆ ರಸ್ತೆಯ ಮೇಲೆ ಒಣಭತ್ತ ಗುಡ್ಡೆ ಹಾಕಿದ್ದರು. ಭತ್ತದ ಕಡೆಗೆ ತಿರುಗಿಸಿದೆ. ಹರವಿದ ಭತ್ತದ ಮೇಲೆ ಚಕ್ರ ಜಾರಿ, ಗುಡ್ಡೆಯೊಳಗೆ ಮೂಗು ಹೂತು, ಗಾಡಿ ನಿಂತಿತು. ಕಾಳು ಬಾನೆಟ್ಟಿನ ಮೇಲೆ ಮಳೆಯ ಹಾಗೆ ಬಿತ್ತು.

ಹಲುಬೆಯಿಂದ ಭತ್ತ ಎಳೆಯುತ್ತಿದ್ದ ಹೆಂಗಸೊಬ್ಬಳು ಅದನ್ನು ಹಿಡಿದುಕೊಂಡೇ ಬಂದಳು. ‘ಏನ್ರೀ, ರಸ್ತಾ ಸಾಲಲಿಲ್ಲೇನು ನಿಮಗ? ನಮ್ಮ ಭತ್ತದ ಮ್ಯಾಲ ಮೆರವಣಿಗಿ ಹೊಂಟೀರಿ.’ ನನ್ನ ಮುಖ ನೋಡಿದವಳು ಹಲುಬೆ ಕೆಳಗಿಟ್ಟು ನೀರಿನ ಕೊಡ ತಂದಳು. ಸಾಹುಕಾರರು ತಾಯಿಯನ್ನು ಇಳಿಸಿ ಗಿಡದ ನೆರಳಲ್ಲಿ ಕೂರಿಸಿ, ನನ್ನ ಹತ್ತಿರ ಬಂದು ಮೆಲ್ಲನೆ ಅಂದರು: ‘ಮಿಸ್ತ್ರಿ, ನನ್ನ ಅವ್ವ ಇದರಾಗ ಕುಂತಿದ್ಳು.’ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ನಿಂತು ರಾಜುಗೆ ಫೋನ್ ಹಚ್ಚಿದರು. ಲಾರಿ ತಂದು ಒಯ್ಯಿರಿ ಅಂದರು.

ಗಾಡಿ ಆರಿದ ಮೇಲೆ ಬಾನೆಟ್ ಎತ್ತಿದೆ. ಬ್ರೇಕ್ ಆಯಿಲಿನ ಸಣ್ಣ ಡಬ್ಬಿಯ ಮುಚ್ಚಳ ತೆಗೆದೆ. ಮೇಲೆ ಹಳದಿ ಪೊರೆಯ ಹಾಗೆ ಏನೋ ತೇಲುತ್ತಿತ್ತು. ಬೆರಳು ಅದ್ದಿ ಮೂಗಿಗೆ ಹಿಡಿದೆ. ದೇವರ ಕೋಣೆಯ ವಾಸನೆ, ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಸುವಾಸನೆಯ ದೀಪದ ಎಣ್ಣೆ. ಅಂಥ ಎಣ್ಣೆ ಬ್ರೇಕಿನ ರಬ್ಬರಿಗೆ ವಿಷ. ರಬ್ಬರು ಉಬ್ಬಿ ಹಿಂದೆ ಸರಿಯದೆ ಕುಳಿತುಬಿಟ್ಟಿದೆ. ಬ್ರೇಕು ಬಿಡದೆ ಹಿಡಿದು, ಡ್ರಮ್ಮು ಕಾದು, ಆಯಿಲ್ ಕುದ್ದು ಆವಿಯಾಗಿದೆ. ಪೆಡಲ್ ಮೊದಲು ಕಲ್ಲಾಗಿದ್ದು, ಆಮೇಲೆ ಕೆಸರಾಗಿದ್ದು ಅದಕ್ಕೇ. ಯಾರೋ ಬೇಕೆಂದೇ ಹಾಕಿದ್ದಾರೆ ಅನ್ನಿಸಿತು. ಕಾರು ಬೇಕಾದವರು ಒಬ್ಬರೇ ಇದ್ದರಲ್ಲ. ರಾಜು ಅವರ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇನ್ನೊಂದು ಉಸಿರು ತಡವಾಗಿದ್ದರೆ ಅಂದೇಬಿಡುತ್ತಿದ್ದೆ.

ಗೌರಮ್ಮನವರು ಎದ್ದು ಬಂದು ನನ್ನ ಬೆರಳನ್ನು ಹಿಡಿದು ಮೂಸಿದರು.

‘ಇದು ನಾ ಹಾಕಿದ್ದು’ ಅಂದರು.

ಸಾಹುಕಾರರ ಕೈಯಲ್ಲಿದ್ದ ಫೋನು ಹಾಗೆಯೇ ಉಳಿಯಿತು. ಮುದುಕಿ ನಿಂತಲ್ಲೇ ಹೇಳಿದರು. ಗಂಡನ ಕಾಲದಲ್ಲಿ ಉಸ್ತಾದರು ಮನೆಗೆ ಬಂದಾಗ ಈ ಡಬ್ಬಿಯ ಬಾಯಿಯನ್ನು ತೋರಿಸಿ, ಪಾಡ್ಯಕ್ಕೊಮ್ಮೆ ಇದಕ್ಕೆ ಔಡಲೆಣ್ಣೆ ಬಿಡಿರಿ, ಪೆಡಲ್ ಒತ್ತಿ ಒತ್ತಿ ಬಿಡಿರಿ, ಗಾಡಿ ನಿಂತರೂ ಬ್ರೇಕು ಸಾಯುವುದಿಲ್ಲ ಅಂದಿದ್ದರಂತೆ. ಗಂಡ ಹೋದ ಮೇಲೂ, ಗಾಡಿ ಗೋದಾಮು ಸೇರಿದ ಮೇಲೂ, ಅವರು ಒಂದು ವರ್ಷವೂ ತಪ್ಪಿಸಿರಲಿಲ್ಲ. ಅಳವಂಡಿಯ ತವರಿನಿಂದ ಬರುತ್ತಿದ್ದ ಔಡಲೆಣ್ಣೆ, ಹರಳೆಣ್ಣೆ ಅನ್ನುತ್ತಾರಲ್ಲ, ಅದು.

‘ಈ ವರ್ಷ ಬರಲಿಲ್ಲ. ಅಲ್ಲಿ ಎಲ್ಲಾರೂ ಗೋವಿನಜೋಳ ಹಾಕ್ಯಾರ, ಔಡಲ ಯಾರೂ ಬಿತ್ತವಲ್ರು. ಹಬ್ಬದ ದಿನ ಬಾಯಿ ಬರಿದ ಬಿಡಬಾರದಂತ ದೇವರಿಗೆ ಹಾಕೂದನ್ನ ಹಾಕಿದೆ.’ ಮಗನ ಕಡೆ ತಿರುಗಿದರು. ‘ಕೊಟ್ಟಬಿಡು ವಿರೂಪಾಕ್ಷಿ. ನನ್ನ ಕೈಲೆ ನಿನ್ನ ಜೀವಾ ತಗೀತಿದ್ದೆ.’

ನಾನು ಬಾನೆಟ್ ಹಿಡಿದುಕೊಂಡು ನಿಂತೆ. ಬಾಣಂತಿಯ ಕೋಣೆಯ ವಾಸನೆ ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. ಕೂಸಿನ ಗಲ್ಲದಂಥ ರಬ್ಬರು. ಹಳೆಯ ಕಾಲದ ರಬ್ಬರಿಗೆ ಔಡಲೆಣ್ಣೆ ಕೆಡುಕು ಮಾಡುತ್ತಿರಲಿಲ್ಲ. ಬ್ರೇಕ್ ಆಯಿಲ್ ಸಿಗದ ದಿನಗಳಲ್ಲಿ ಅದನ್ನೇ ಸ್ಪಿರಿಟ್ಟಿನ ಜೊತೆ ಬೆರೆಸಿ ಹಾಕುತ್ತಿದ್ದರು. ಉಸ್ತಾದರು ಇದನ್ನು ಆಗ ಆ ಮನೆಯ ಸೊಸೆಯಾಗಿದ್ದ ಗೌರಮ್ಮನವರಿಗೆ ಹೇಳಿದ್ದರು, ಹಗಲೂ ರಾತ್ರಿ ಕಾಲ ಬುಡದಲ್ಲಿದ್ದ ಶಿಷ್ಯನಿಗೆ ಹೇಳಿರಲಿಲ್ಲ. ಸೊಸೆ ಕೇಳಿದ್ದಳು. ಶಿಷ್ಯ ಕೇಳಿರಲಿಲ್ಲ.

ಈಗಿನ ಗಾಡಿಗೆ ಯಂತ್ರ ಸಿಕ್ಕಿಸಿದರೆ ಅದು ತನ್ನ ರೋಗದ ಹೆಸರು ತಾನೇ ಹೇಳುತ್ತದೆ. ಮನೆಯಲ್ಲಿ ಅದಕ್ಕೆ ಯಾರು ಏನು ಉಣ್ಣಿಸುತ್ತಿದ್ದಾರೆ ಎಂದು ಯಾವ ಯಂತ್ರವೂ ಹೇಳುವುದಿಲ್ಲ. ಹಳೆಯ ಗಾಡಿ ಬಿಚ್ಚುವ ಮೊದಲು ಅಂಗಳದಲ್ಲಿ ಕುಳಿತು ಒಂದು ಕಪ್ ಚಹಾ ಕುಡಿಯಿರಿ, ಮನೆಯ ಹೆಂಗಸರನ್ನು ಮಾತಾಡಿಸಿ. ಡ್ರೈವರನನ್ನು ಎಲ್ಲರೂ ಕೇಳುತ್ತಾರೆ.

ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಮಿಲ್ಲಿನ ಅಂಗಳಕ್ಕೆ ತಂದೆವು. ಗೌರಮ್ಮನವರು ಒಳಗೆ ಹೋದವರು ಅಂಗಳದ ಕಡೆಯ ಕಿಟಕಿಯನ್ನೂ ತೆರೆಯಲಿಲ್ಲ. ಸಾಹುಕಾರರ ಹೆಂಡತಿ ಹೇಳಿದ್ದು, ದೇವರ ದೀಪಕ್ಕೆ ಎಣ್ಣೆ ಹಾಕಲಿಕ್ಕೂ ಅವರ ಕೈ ಹಿಂಜರಿಯುತ್ತಿತ್ತಂತೆ. ನನಗೆ ಅದೇ ಹೆಚ್ಚು ಗಾಬರಿ ಹುಟ್ಟಿಸಿತು. ಸಾಹುಕಾರರು ಲಾರಿಯ ದಾರಿ ಕಾಯುತ್ತಿದ್ದರು.

ನಾನು ನನಗೆ ಬರುವ ಒಂದೇ ವಿದ್ಯೆಯನ್ನು ಹೊರತೆಗೆದೆ. ‘ಸಾಹುಕಾರ್ರ, ಮಾರೂದು ಮಾರ್ರಿ, ಬ್ಯಾಡನ್ನಂಗಿಲ್ಲ. ಆದ್ರ ಸತ್ತ ಗಾಡಿ ರೇಟು ಬ್ಯಾರೆ, ಓಡೂ ಗಾಡಿ ರೇಟು ಬ್ಯಾರೆ. ಲಾರಿ ಬರೂತನಕ ನನಗ ಬಿಡ್ರಿ.’ ಭತ್ತದ ವ್ಯಾಪಾರಿಗೆ ಈ ಮಾತು ತಿಳಿಯದೇ ಇರುವುದಿಲ್ಲ. ಹೂಂ ಅಂದರು. ಅವರಿಗೂ ನನ್ನ ರೇಡಿಯೇಟರ್ ಯಾವುದು, ಪಿಸ್ಟನ್ ಯಾವುದು ಗೊತ್ತಾಗಿತ್ತೇನೋ, ಈಗ ಅನ್ನಿಸುತ್ತದೆ.

ಇಡೀ ಬ್ರೇಕನ್ನು ಬಿಚ್ಚಿದೆ. ರಬ್ಬರುಗಳು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿದ್ದವು, ಡ್ರಮ್ಮಿನೊಳಗೆ ಭತ್ತದ ಕಾಳು ಹುರಿದು ಅರಳಾಗಿದ್ದವು. ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆದು, ಗಾಳಿ ಹೊಡೆದು ಒಣಗಿಸಿ, ಹೊಸ ರಬ್ಬರು, ಹೊಸ ಆಯಿಲ್ ಹಾಕಿದೆ. ಇನ್ನು ಗಾಳಿ ತೆಗೆಯುವುದಷ್ಟೇ ಬಾಕಿ. ಮಿಲ್ಲಿನ ಹಮಾಲರು ಎದುರಿಗೇ ನಿಂತಿದ್ದರು, ಯಾರನ್ನು ಕರೆದಿದ್ದರೂ ಬರುತ್ತಿದ್ದರು. ನಾನು ಪಡಸಾಲೆಯ ಬಾಗಿಲಿಗೆ ಹೋಗಿ ನಿಂತೆ. ‘ಅಮ್ಮಾರ, ಪೆಡಲ್ ಒತ್ತಾಕ ಒಂದು ಕಾಲು ಬೇಕಾಗೇತ್ರಿ’ ಅಂದೆ.

ಗೌರಮ್ಮನವರು ಬಂದರು. ಯಾರನ್ನೂ ನೋಡದೆ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸ್ಟೇರಿಂಗಿನ ಹಿಂದೆ ಕುಳಿತರು. ಚಪ್ಪಲಿ ಕೆಳಗೆ ಬಿಟ್ಟಿದ್ದರು. ಹೇಗೆ ಒತ್ತಬೇಕು, ಯಾವಾಗ ಹಿಡಿಯಬೇಕು ಎಂದು ವಿವರಿಸಲು ಬಾಯಿ ತೆರೆದರೆ, ನೀನು ಕೆಳಗೆ ಹೋಗು ಎಂದು ಕೈಸನ್ನೆ ಮಾಡಿದರು.

ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಸರಿದೆ. ಪಾನಾ ನಿಪ್ಪಲ್ಲಿಗೆ ಕೂರಿಸಿದೆ. ಮೇಲೆ ಪೆಡಲ್ ಒಂದು ಸಲ ಹೋಯಿತು, ಬಂತು. ಇನ್ನೊಂದು ಸಲ. ಮತ್ತೊಂದು ಸಲ ಹೋಗಿ ಅಲ್ಲೇ ನಿಂತಿತು.

‘ಪಕ್ಡಾ’ ಅಂತು ಮೇಲಿನ ಮುದಿ ದನಿ.

ನನ್ನ ಕೈ ಪಾನಾದ ಮೇಲೆ ಹಾಗೆಯೇ ನಿಂತುಬಿಟ್ಟಿತು. ಉಸ್ತಾದರು ಚೀಲ ಹಿಡಿದು ಒಬ್ಬರೇ ಹೋಗುತ್ತಿದ್ದರಲ್ಲ, ಪೆಡಲ್ ಒತ್ತುವವರು ಯಾರು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನಿಪ್ಪಲ್ ಸಡಿಲಿಸಿದೆ. ಗಾಳಿಯ ಗುಳ್ಳೆಗಳು ಬುಸುಗುಟ್ಟಿ ಹೊರಬಂದವು. ಅವು ನಿಂತು ತಿಳಿಯಾದ ಆಯಿಲ್ ಬರುವವರೆಗೆ ಅದೇ ದನಿ, ಅದೇ ಮಾತು, ನಾಲ್ಕೂ ಚಕ್ರಕ್ಕೆ. ಕೊನೆಯ ಸಲ ಬಿಗಿದು ಹೊರಗೆ ಬಂದರೆ ಸಾಹುಕಾರರು ಮೆಟ್ಟಿಲ ಮೇಲೆ ನಿಂತು ತಾಯಿಯನ್ನೇ ನೋಡುತ್ತಿದ್ದರು. ಫೋನು ಕಿವಿಯಲ್ಲಿತ್ತು. ಲಾರಿ ಬೇಡ ಅನ್ನುತ್ತಿದ್ದರು ರಾಜುಗೆ, ಅದು ಚಪ್ಪರದ ಕೆಳಗೆ ನಿಲ್ಲುವ ಗಾಡಿಯಲ್ಲ ಅನ್ನುತ್ತಿದ್ದರು.

ಗೌರಮ್ಮನವರು ಇನ್ನೂ ಪೆಡಲ್ ಒತ್ತಿಯೇ ಹಿಡಿದಿದ್ದರು, ಬಿಟ್ಟಿರಲಿಲ್ಲ. ಕೊನೆಯ ಮಾತು ನನ್ನಿಂದ ಬಾಕಿಯಿತ್ತು.

‘ಛೋಡ್ರಿ ಅಮ್ಮಾರ’ ಅಂದೆ.